ಇಪ್ಪತ್ತೆರಡು ಕೋಣೆಗಳ ಹಳೆಯ ಲಾಡ್ಜನ್ನು ಮನೆಗಳನ್ನಾಗಿ ಮಾಡಬಹುದೇ? (ಕಾರವಾರ)

ಕಾಜುಬಾಗದ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ವಿಷಯ ಉದ್ದವಿದೆ, ಚಹಾ ಮಾಡಿಟ್ಟುಕೊಂಡು ಓದಿ.

ಕಾರವಾರದಲ್ಲಿ ನಮ್ಮ ಅಜ್ಜ ಕಟ್ಟಿಸಿದ ಲಾಡ್ಜ್ ಒಂದಿದೆ. ಸ್ವಾತಂತ್ರ್ಯಕ್ಕೆ ಹತ್ತು ಹನ್ನೆರಡು ವರ್ಷ ಮೊದಲಿನದು. ಮುಂಬೈಯಿಂದ ಆಗಬೋಟು ಬರುತ್ತಿದ್ದ ಕಾಲ. ಬೈತಖೋಲದಲ್ಲಿ ಇಳಿದವರು, ಕೋರ್ಟಿನ ವಾಯಿದೆಗೆಂದು ಅಂಕೋಲೆ, ಕುಮಟೆ, ಹಳಿಯಾಳಗಳಿಂದ ಬಂದ ಕಕ್ಷಿದಾರರು ಇಲ್ಲಿ ಉಳಿಯುತ್ತಿದ್ದರು. ಕೆಳಗೆ ಖಾನಾವಳಿ, ಅದರ ಬದಿಗೆ ಮತ್ತು ಮೇಲೆ ಕೋಣೆಗಳು. ಮಳೆಗಾಲದಲ್ಲಿ ಆಗಬೋಟು ನಿಂತರೆ ಅಜ್ಜ ಅರ್ಧ ಕೋಣೆಗಳಿಗೆ ಬೀಗ ಹಾಕಿ ಗದ್ದೆಯ ಕೆಲಸಕ್ಕೆ ಹೋಗುತ್ತಿದ್ದರಂತೆ. ಮುಂದೆ ಕೈಗಾ ಅಣುಸ್ಥಾವರ, ಕೊಂಕಣ ರೈಲ್ವೆ, ಸೀಬರ್ಡ್ ನೌಕಾನೆಲೆ ಎಂದು ಎಂಜಿನಿಯರುಗಳೂ ಗುತ್ತಿಗೆದಾರರೂ ಊರು ತುಂಬಿದಾಗ ಅಪ್ಪ ಹಿಂದುಗಡೆ ಕಾಂಕ್ರೀಟಿನಲ್ಲಿ ಎಂಟು ಕೋಣೆ ಸೇರಿಸಿದರು. ಹಳೆಯದರಲ್ಲಿ ಹದಿನಾಲ್ಕು, ಹೊಸದರಲ್ಲಿ ಎಂಟು. ಕೊರೊನಾ ಬಂದಾಗ ಹಾಕಿದ ಬೀಗ ಇನ್ನೂ ತೆರೆದಿಲ್ಲ.

ಜಾಗ 14 ಗುಂಟೆ. ಕಡಲತೀರದಿಂದ ಹೆದ್ದಾರಿ ದಾಟಿ ಒಳಗೆ, ನಡೆದರೆ ಐದು ನಿಮಿಷ. ವಾರಸುದಾರರು ಐದು ಜನ: ನಾನು, ತಮ್ಮ, ದೊಡ್ಡಪ್ಪನ ಇಬ್ಬರು ಮಕ್ಕಳು, ಮುಂಬೈಯಲ್ಲಿರುವ ಅತ್ತೆ. ಹೊರಗಿನ ಬಿಲ್ಡರ್ ಒಬ್ಬರು ಬಂದು, ಎಲ್ಲವನ್ನೂ ಕೆಡವಿ ನಾಲ್ಕು ಅಂತಸ್ತು ಕಟ್ಟಿ ನಮಗೆ ನೂರಕ್ಕೆ ನಲವತ್ತು ಪಾಲು ಕೊಡುತ್ತೇನೆ ಎಂದಿದ್ದಾರೆ. ದೊಡ್ಡಪ್ಪನ ಮಕ್ಕಳಿಗೆ ಅದೇ ಸೈ. ನನ್ನ ಆಸೆ ಬೇರೆ. ಹಳೆಯ ಚಿರೆಕಲ್ಲಿನ ಕಟ್ಟಡವನ್ನು ಉಳಿಸಿಕೊಂಡು, ಎರಡೆರಡು ಕೋಣೆ ಕೂಡಿಸಿ ಮನೆ ಮಾಡಿದರೆ ಹೇಗೆ? ಮಾರಲೂಬಹುದು, ಬಾಡಿಗೆಗೂ ಕೊಡಬಹುದು.

ಮೊದಲೇ ಹೇಳಿಬಿಡುತ್ತೇನೆ: ರವೀಂದ್ರನಾಥ ಠಾಕೂರರು ನಮ್ಮ ಲಾಡ್ಜಿನಲ್ಲಿ ಉಳಿದಿರಲಿಲ್ಲ. ಅವರು ಕಾರವಾರಕ್ಕೆ ಬಂದದ್ದು 1880ರ ದಶಕದ ಆರಂಭದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ. ಆಗ ನಮ್ಮ ಅಜ್ಜನೇ ಹುಟ್ಟಿರಲಿಲ್ಲ. ಈ ಊರಿನಲ್ಲಿ ಹೆಂಚಿನ ಕಟ್ಟಡ ಕಂಡಲ್ಲೆಲ್ಲ ಕವಿಯನ್ನು ಮಲಗಿಸುವ ಅಭ್ಯಾಸ ಕೆಲವರಿಗಿದೆ, ಅದಕ್ಕೆ ಹೇಳಿದೆ.

ಬೆಂಗಳೂರು ಸೇರಿದವ

ಕೆಡವಿ. ಭಾವನೆಯಿಂದ ಮಾಡು ಸೋರುವುದು ನಿಲ್ಲುವುದಿಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ಸೇತುವೆ ನಡುರಾತ್ರಿ ಮುರಿದು ಬಿದ್ದದ್ದು ನೆನಪಿದೆಯಲ್ಲ? ಹಳೆಯದನ್ನು ನಂಬಿ ಇನ್ನೊಬ್ಬರ ಸಂಸಾರವನ್ನು ಅದರೊಳಗೆ ಕೂರಿಸಬೇಡಿ. ನಲವತ್ತರ ಬದಲು ನಲವತ್ತೈದು ಕೇಳಿ, ಸಹಿ ಹಾಕಿ, ಮುಗಿಸಿ.

ಸುಂಕೇರಿ ಎಂಜಿನಿಯರ್

ಬೆಂಗಳೂರಿನವರೇ, ಬಿದ್ದ ಸೇತುವೆ ಕಾಂಕ್ರೀಟಿನದು, ಆಗಿನ್ನೂ ನಲವತ್ತು ದಾಟಿತ್ತು ಅಷ್ಟೆ. ಅದನ್ನು ಹಳೆಯದು ಎನ್ನುವುದಾದರೆ ಈ ಅಜ್ಜನ ಕಟ್ಟಡವನ್ನು ಏನೆನ್ನುತ್ತೀರಿ?

ಮೊಮ್ಮಗನವರೇ, ನೀವು ಚಿಂತೆ ಮಾಡುತ್ತಿರುವುದು ಅಜ್ಜನ ಭಾಗದ ಬಗ್ಗೆ. ನನಗೆ ಚಿಂತೆಯಾಗುವುದು ಅಪ್ಪನ ಭಾಗದ ಬಗ್ಗೆ. ಚಿರೆಕಲ್ಲಿನ ದಪ್ಪ ಗೋಡೆಯ ಒಳಗೆ ತುಕ್ಕು ಹಿಡಿಯುವ ವಸ್ತುವೇ ಇಲ್ಲ. ಅಲ್ಲಿ ಕೆಡುವುದು ಮಾಡಿನ ಮರ, ಗೋಡೆಯ ತುದಿಯಲ್ಲಿ ಕೂರುವ ತೊಲೆಯ ತಲೆ, ಮತ್ತು ನೀರು ಇಳಿದ ಮೂಲೆಗಳು. ಇವೆಲ್ಲ ಕಣ್ಣಿಗೆ ಕಾಣುತ್ತವೆ, ಕೈಯಿಂದ ಬದಲಿಸಬಹುದು. ಕಾಂಕ್ರೀಟಿನ ಒಳಗೆ ಸರಳು ಇದೆ. ಆ ಕಾಲದಲ್ಲಿ ನಮ್ಮ ಕಡೆ ಸರಳಿನ ಮೇಲೆ ಮುಚ್ಚಿಗೆಯ ಕಾಂಕ್ರೀಟ್ ಮುಕ್ಕಾಲು ಇಂಚು ಬಿಟ್ಟರೆ ಅದೇ ದೊಡ್ಡದು. ಈಗಿನ ಭಾರತೀಯ ಮಾನಕ, ಐಎಸ್ 456, ಕಡಲತೀರದ ಪರಿಸರಕ್ಕೆ 45 ಮಿಲಿಮೀಟರ್ ಕೇಳುತ್ತದೆ. ಸಮುದ್ರದ ತುಂತುರು ನೇರವಾಗಿ ಬಡಿಯುವಲ್ಲಿ 50. ಉಪ್ಪುಗಾಳಿಯ ಕ್ಲೋರೈಡ್ ಸರಳನ್ನು ಮುಟ್ಟಿದ ದಿನದಿಂದ ತುಕ್ಕು ಶುರು. ತುಕ್ಕು ಹಿಡಿದ ಕಬ್ಬಿಣ ಊದಿಕೊಳ್ಳುತ್ತದೆ, ಊದಿಕೊಂಡು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ.

ಮೂರು ಪ್ರಶ್ನೆಗಳು. ಹಿಂದಿನ ಬ್ಲಾಕಿನ ಬೀಮುಗಳ ಅಡಿಯಲ್ಲಿ ಉದ್ದುದ್ದ ಬಿರುಕು ಇದೆಯೇ? ಸ್ಲ್ಯಾಬಿನ ಕೆಳಗಿನಿಂದ ಹೆಕ್ಕಳ ಉದುರಿದೆಯೇ? ಆಗ ಮರಳು ಎಲ್ಲಿಂದ ತಂದಿದ್ದರು? ಅಳಿವೆಯ ಮರಳಾದರೆ ಉಪ್ಪು ಹೊರಗಿನಿಂದ ಬರುವುದೇ ಬೇಡ, ಹುಟ್ಟಿನಿಂದಲೇ ಒಳಗಿದೆ.

ಕಾಜುಬಾಗದ ಮೊಮ್ಮಗ

ಬಿರುಕು ಇದೆ. ಹೆಕ್ಕಳ ಉದುರಿ 17ನೆಯ ನಂಬರಿನ ಕೋಣೆಯಲ್ಲಿ ಸರಳು ಹೊರಗೆ ಕಾಣುತ್ತದೆ. ಮರಳಿನ ಬಗ್ಗೆ ಅಮ್ಮನನ್ನು ಕೇಳಿದೆ. "ದೋಣಿಯಲ್ಲಿ ಬರುತ್ತಿತ್ತು" ಎಂದರು. ಇನ್ನು ನೀವೇ ಊಹಿಸಿ.

ಹಬ್ಬುವಾಡದ ನಿವೃತ್ತ ಗುಮಾಸ್ತ

ಗೋಡೆ, ಸರಳು ಎಲ್ಲ ಆಮೇಲೆ. ಮೊದಲು ಕಾಗದ. ಮೂವತ್ತು ವರ್ಷ ದಾಖಲೆಗಳ ಧೂಳು ಕುಡಿದವನ ಮಾತು ಇದು, ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ 14 ಗುಂಟೆ ಒಂದೇ ತುಂಡೋ, ಹಲವೋ? ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ತೆಗೆಸಿ. ಅದರಲ್ಲಿ ಎಲ್ಲಿಯಾದರೂ ಮೂಲಗೇಣಿ ಎಂಬ ಶಬ್ದ ಇದೆಯೇ ನೋಡಿ. ನಮ್ಮ ಜಿಲ್ಲೆಯಲ್ಲಿ ತಲೆಮಾರುಗಳಿಂದ ಮನೆ ಕಟ್ಟಿ ಕೂತವರಿಗೂ ಎಷ್ಟೋ ಕಡೆ ನೆಲ ತಮ್ಮದಲ್ಲ. ಒಡೆಯ ಬೇರೆ, ಇವರು ಶಾಶ್ವತ ಗೇಣಿದಾರರು. ಮೂಲಗೇಣಿದಾರರಿಗೆ ಒಡೆತನ ಕೊಡಲೆಂದೇ 2011ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿದೆ, ಆದರೆ ಕಾಯ್ದೆ ಇದೆ ಎಂದ ಮಾತ್ರಕ್ಕೆ ನಿಮ್ಮ ಕಾರ್ಡಿನ ಹೆಸರು ತಾನಾಗಿ ಬದಲಾಗುವುದಿಲ್ಲ. ಮಾರುವುದೆಂದರೆ ಪ್ರತಿ ಮನೆಯ ಜೊತೆಗೆ ನೆಲದಲ್ಲಿ ಅವಿಭಾಜ್ಯ ಪಾಲು ಬರೆದುಕೊಡಬೇಕು. ನಿಮ್ಮದಲ್ಲದ ನೆಲದ ಪಾಲನ್ನು ಹೇಗೆ ಬರೆದುಕೊಡುತ್ತೀರಿ?

ಎರಡನೆಯದು ವಾಟ್ನಿ, ಅಂದರೆ ಆಸ್ತಿಯ ಪಾಲು. ಐದು ಜನರಲ್ಲಿ ಒಬ್ಬರ ಸಹಿ ಇಲ್ಲದಿದ್ದರೂ ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತಬೇಡಿ. ಅತ್ತೆಯವರ ಸಹಿ ಬೇಕು. ಮುಂಬೈಯಲ್ಲಿ ಇದ್ದಾರೆ, ಅವರಿಗೇನು ಗೊತ್ತಾಗುತ್ತದೆ ಎಂದು ಮನೆಯ ಗಂಡಸರು ಹೇಳುವುದನ್ನು ಬಹಳ ಕೇಳಿದ್ದೇನೆ. ಅಂಥ ಮಾತಿನ ಮುಂದಿನ ಅಧ್ಯಾಯ ಕೋರ್ಟಿನಲ್ಲಿಯೇ.

ಮೂರನೆಯದು ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್. ಉಬ್ಬರದ ಗೆರೆಯಿಂದ 500 ಮೀಟರ್ ಒಳಗಿದ್ದೀರಿ. ನಗರಸಭೆ ವ್ಯಾಪ್ತಿಯಲ್ಲಿ ಮೊದಲೇ ಕಟ್ಟಡ ತುಂಬಿದ ಪ್ರದೇಶವಾದ್ದರಿಂದ ಅದು ಎರಡನೆಯ ವರ್ಗಕ್ಕೆ ಬರುತ್ತದೆ. ರಸ್ತೆಯಿಂದ ಈಚೆಗಿನ ಜಾಗವಾದ್ದರಿಂದ ದಾರಿ ಮುಚ್ಚಿಲ್ಲ. ಆದರೆ ಅಧಿಕೃತ ಕಟ್ಟಡವನ್ನು ಕೆಡವಿ ಮತ್ತೆ ಕಟ್ಟುವುದಕ್ಕೆ, ಈಗಿನ ಬಳಕೆ ಬದಲಾಗಬಾರದು ಎಂಬ ಷರತ್ತು ಅಧಿಸೂಚನೆಯಲ್ಲಿದೆ. ಲಾಡ್ಜ್ ಹೋಗಿ ಮನೆ ಬರುವುದು ಬಳಕೆಯ ಬದಲಾವಣೆಯೇ ಅಲ್ಲವೇ? ನಿಮ್ಮ ಬಿಲ್ಡರ್ ಈ ಸಾಲನ್ನು ಓದಿದ್ದಾರೆಯೇ, ಕೇಳಿ ನೋಡಿ. ಪರಿಸರ ಇಲಾಖೆಯ ಪ್ರಾದೇಶಿಕ ನಿರ್ದೇಶಕರ ಕಚೇರಿ ಕಾರವಾರದಲ್ಲಿಯೇ ಇದೆ. ಬಾಯಿಮಾತು ಬೇಡ, ಅರ್ಜಿ ಕೊಟ್ಟು ಉತ್ತರವನ್ನು ಕಾಗದದಲ್ಲಿ ಪಡೆಯಿರಿ.

ನಂದನಗದ್ದಾ ಬಾಡಿಗೆದಾರ್ತಿ

ನೀವೆಲ್ಲ ಕಟ್ಟುವವರು. ಉಳಿಯುವವಳ ಮಾತನ್ನೂ ಕೇಳಿ. ಯಜಮಾನರು ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದಾರೆ. ಒಂಬತ್ತು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದೇನೆ. ಈಗ ಇರುವ ಹೊಸ ಅಪಾರ್ಟ್‌ಮೆಂಟಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೆ ಬೂಷ್ಟು, ಪಶ್ಚಿಮದ ಗೋಡೆಗೆ ಕೈ ಇಟ್ಟರೆ ಒದ್ದೆ. ಅಜ್ಜಿಯ ಮನೆಯಲ್ಲಿ ಪಶ್ಚಿಮಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು, ಮಾಡು ಗೋಡೆಯಿಂದ ಮೂರು ಅಡಿ ಮುಂದೆ ಚಾಚಿರುತ್ತಿತ್ತು. ಈಗಿನವರು ಚಾಚನ್ನು ಕತ್ತರಿಸಿ, ಗೋಡೆಗೆ ಬಣ್ಣ ಬಳಿದು, ಜಾಹೀರಾತಿನಲ್ಲಿ ಸಮುದ್ರ ಕಾಣುತ್ತದೆ ಎಂದು ಬರೆಯುತ್ತಾರೆ. ಸಮುದ್ರ ಕಾಣುತ್ತದೆ, ನಿಜ. ಮಳೆಗಾಲದಲ್ಲಿ ಒಳಗೇ ಕಾಣುತ್ತದೆ.

ಮತ್ತೊಂದು. ಪ್ರತಿ ಮನೆಗೆ ಬೇರೆ ವಿದ್ಯುತ್ ಮೀಟರ್ ಹಾಕಿಸಿ. ಹಿಂದೆ ಒಂದು ಕಡೆ ಹೋಟೆಲ್ಲಿನ ಒಂದೇ ಮೀಟರಿನಿಂದ ಹಂಚಿ ವಾಣಿಜ್ಯ ದರದಲ್ಲಿ ನಮ್ಮಿಂದ ವಸೂಲು ಮಾಡುತ್ತಿದ್ದರು. ಗೃಹಜ್ಯೋತಿಯೂ ಇಲ್ಲ, ಲೆಕ್ಕವೂ ಇಲ್ಲ.

ಕೋಡಿಬಾಗದ ಗೌಂಡಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹಳೆಯ ಕಟ್ಟಡ ರಿಪೇರಿ ಮಾಡುವವನು, ಬರವಣಿಗೆ ಮಗನದು.

ನಿಮ್ಮ ಹಳೆಯ ಗೋಡೆಗೆ ಯಾರಾದರೂ ಸಿಮೆಂಟಿನ ಗಿಲಾವು ಮಾಡಿದ್ದಾರೆಯೇ? ಮಾಡಿದ್ದರೆ ಮೊದಲು ಅದನ್ನು ಕೆತ್ತಿ ತೆಗೆಯಬೇಕು. ಚಿರೆಕಲ್ಲು ನೀರು ಕುಡಿಯುವ ಕಲ್ಲು. ಮಳೆಗಾಲದಲ್ಲಿ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಅದನ್ನು ತಡೆಯುವುದಿಲ್ಲ. ಸಿಮೆಂಟ್ ಬಾಯಿ ಮುಚ್ಚಿಸುತ್ತದೆ. ಆಗ ನೀರು ಒಳಗಿನ ಕಡೆ ಹೊರಡುತ್ತದೆ, ಉಪ್ಪು ಬಿಳಿಯಾಗಿ ಅರಳುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಜನ ಗೋಡೆ ಹಾಳಾಯಿತು ಎನ್ನುತ್ತಾರೆ. ಗೋಡೆ ಹಾಳಾಗಿರುವುದಿಲ್ಲ, ಅದರ ಮೇಲೆ ಹಾಕಿದ ಅಂಗಿ ತಪ್ಪು.

ಹಿಂದಿನವರು ಚಿಪ್ಪಿನ ಸುಣ್ಣವನ್ನು ಕೊಳೆಹಾಕಿ, ಬೆಲ್ಲದ ನೀರು ಬೆರೆಸಿ, ಅರೆದು ಗಾರೆ ಮಾಡುತ್ತಿದ್ದರು. ಈಗ ಅಷ್ಟು ವ್ಯವಧಾನ ಯಾರಿಗೂ ಇಲ್ಲ. ಆದರೂ ಸುಣ್ಣ ಸಿಗುತ್ತದೆ, ಮಾಡುವವರು ಇದ್ದಾರೆ, ದಿನ ಹೆಚ್ಚು ಬೇಕು. ಸಿಮೆಂಟಿನ ಗಿಲಾವಿನಂತೆ ಇಂದು ಬಳಿದು ನಾಳೆ ಏಣಿ ತೆಗೆಯುವ ಕೆಲಸವಲ್ಲ.

ಮರ ಯಾವುದು? ಸಾಗವಾನಿಯೋ, ಮತ್ತಿಯೋ? ತೊಲೆಯ ತಲೆಯನ್ನು ಚಾಣದಿಂದ ಕುಟ್ಟಿ ನೋಡಿ. ಗಟ್ಟಿ ಸದ್ದು ಬಂದರೆ ಬಿಡಿ, ಡೊಳ್ಳು ಸದ್ದು ಬಂದರೆ ಒರಲೆ ಒಳಗಿದೆ.

ಶಿರಸಿಯ ಸೊಸೆ

ನಾವು ಶಿರಸಿ ಪೇಟೆಯಲ್ಲಿ ಮಾವನವರ ಹಳೆಯ ಮಹಡಿ ಮನೆಯನ್ನು ಮೂರು ಬಿಡಾರ ಮಾಡಿದೆವು. ಲಾಡ್ಜಲ್ಲ, ಆದರೆ ಪಾಠ ಒಂದೇ. ಮರದ ಮಹಡಿಯ ಮೇಲೆ ಬಚ್ಚಲು ಮಾಡಬೇಡಿ. ನಾವು ಮಾಡಿದೆವು. ಜಲನಿರೋಧಕ ಹಾಕಿದ್ದೇವೆ, ಹತ್ತು ವರ್ಷ ಚಿಂತೆಯಿಲ್ಲ ಎಂದರು. ಮೂರನೆಯ ಮಳೆಗಾಲಕ್ಕೆ ಕೆಳಗಿನ ಬಿಡಾರದವರ ದೇವರ ಕೋಣೆಯ ಮೇಲೆ ಹಳದಿ ಕಲೆ. ತೆಗೆಸಿ ನೋಡಿದರೆ ಜಂತೆ ಎರಡು ಕಡೆ ಮೆತ್ತಗಾಗಿತ್ತು. ಆ ದೇವರ ಕೋಣೆಯ ವಿಷಯ ಇವತ್ತಿಗೂ ಹಬ್ಬಕ್ಕೊಮ್ಮೆ ಏಳುತ್ತದೆ.

ಎರಡನೆಯದು ಸದ್ದು. ಹಲಗೆಯ ಮಹಡಿಯಲ್ಲಿ ಮಗು ಗೋಲಿ ಉರುಳಿಸಿದರೂ ಕೆಳಗೆ ಗುಡುಗು. ಲಾಡ್ಜಿನಲ್ಲಿ ಒಂದು ರಾತ್ರಿ ಸಹಿಸುತ್ತಾರೆ, ಮನೆಯಲ್ಲಿ ಜಗಳವಾಗುತ್ತದೆ. ಸಾಧ್ಯವಾದರೆ ಅಡ್ಡಡ್ಡ ಹಂಚಬೇಡಿ, ಉದ್ದಕ್ಕೆ ಹಂಚಿ. ಕೆಳಗಿನ ಕೋಣೆ ಮತ್ತು ಅದರ ಮೇಲಿನ ಕೋಣೆ ಒಂದೇ ಮನೆಗೆ, ಒಳಗೇ ಸಣ್ಣ ಮೆಟ್ಟಿಲು. ಆಗ ನಿಮ್ಮ ತಲೆಯ ಮೇಲೆ ಓಡುವವರು ನಿಮ್ಮದೇ ಮಕ್ಕಳು.

ಸುಂಕೇರಿ ಎಂಜಿನಿಯರ್

ಶಿರಸಿಯವರ ಸಲಹೆ ನನಗೆ ಹೊಳೆದಿರಲಿಲ್ಲ. ಉದ್ದಕ್ಕೆ ಹಂಚುವುದು ಲಾಡ್ಜಿಗೆ ಚೆನ್ನಾಗಿ ಒಪ್ಪುತ್ತದೆ, ಕೋಣೆಗಳು ಒಂದರ ಮೇಲೊಂದು ಸರಿಯಾಗಿ ಕೂತಿರುತ್ತವೆ. ಹದಿನಾಲ್ಕು ಕೋಣೆಗೆ ಏಳು ಮನೆ, ಖಾನಾವಳಿ ಎಂಟನೆಯದು.

ಬಚ್ಚಲು, ಪಾಯಖಾನೆ, ಅಡುಗೆಮನೆಯ ತೊಟ್ಟಿ, ಅಂದರೆ ನೀರು ಬೀಳುವುದೆಲ್ಲ, ಹಳೆಯ ಗೋಡೆಗೆ ತಾಗದಂತೆ ಹಿಂದುಗಡೆ ಒಂದು ಸಾಲಿನಲ್ಲಿ ಹೊಸದಾಗಿ ಕಟ್ಟಿ. ಅದಕ್ಕೆ ಅದರದೇ ಅಡಿಪಾಯ, ಸರಳಿಗೆ ಪೂರ್ತಿ ಮುಚ್ಚಿಗೆ. ಎರಡರ ನಡುವೆ ಎರಡು ಇಂಚು ಸಂದು ಬಿಡಿ. ಜಾಗ ಎಲ್ಲಿಂದ ಎಂದರೆ, ಅಪ್ಪನ ಎಂಟು ಕೋಣೆಗಳನ್ನು ಕೆಡವಿದ ಜಾಗ. ಕೇಳಲು ಬೇಸರ, ಆದರೆ ನನ್ನ ಅಂದಾಜಿನಲ್ಲಿ ಹೋಗಬೇಕಾದದ್ದು ಅದೇ. ನನ್ನ ಮಾತು ಕೇಳಿ ಕೆಡವಬೇಡಿ, ಪರೀಕ್ಷೆ ಮಾಡಿಸಿ. ಒಂದು ಬೀಮಿನ ಮೂಲೆ ಒಡೆಸಿ ಫಿನಾಲ್ಫ್ಥಲೀನ್ ಎಂಬ ರಾಸಾಯನಿಕ ಸಿಂಪಡಿಸಲು ಹೇಳಿ. ಗುಲಾಬಿ ಬಣ್ಣ ಬಂದಷ್ಟು ಭಾಗದಲ್ಲಿ, ಸರಳನ್ನು ತುಕ್ಕಿನಿಂದ ಕಾಯುವ ಕಾಂಕ್ರೀಟಿನ ಕ್ಷಾರಗುಣ ಉಳಿದಿದೆ. ಬಣ್ಣವೇ ಬಾರದಿದ್ದರೆ ಆ ರಕ್ಷಣೆ ಹೋಗಿದೆ. ಉಪ್ಪಿನ ಪ್ರಮಾಣ ಅಳೆಯಲು ಪುಡಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಅದು ಬೇರೆ ಪರೀಕ್ಷೆ.

ಬಾವಿ ಇದೆಯಲ್ಲವೇ? ಎಂಟು ಸಂಸಾರದ ಮಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ಈಗಲೇ ನಿರ್ಧರಿಸಿ. ಇಂಗುಗುಂಡಿ ಕುಡಿಯುವ ನೀರಿನಿಂದ ಕನಿಷ್ಠ 18 ಮೀಟರ್ ದೂರ ಇರಬೇಕು ಎನ್ನುತ್ತದೆ ಮಾನಕ. 14 ಗುಂಟೆಯಲ್ಲಿ ಸಾಧ್ಯ, ಪಕ್ಕದವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಸ್ವಲ್ಪ ಕಷ್ಟ.

ಹಬ್ಬುವಾಡದ ನಿವೃತ್ತ ಗುಮಾಸ್ತ

ಎಂಟು ಎಂದಿರಾ? ಆ ಸಂಖ್ಯೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ, ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ಯೋಜನೆಯ ನೋಂದಣಿ ಕಡ್ಡಾಯವಲ್ಲ. ನಿಮ್ಮ 14 ಗುಂಟೆ ಎಂದರೆ ಸುಮಾರು 1,400 ಚದರ ಮೀಟರ್, ಅಲ್ಲಿ ವಿನಾಯಿತಿ ಸಿಗುವುದಿಲ್ಲ. ಎಂಟೇ ಮನೆ ಎಂದರೆ ಸಿಗುತ್ತದೆ. ಮುಂದೆ ಹಿತ್ತಲಲ್ಲಿ ಇನ್ನೆರಡು ಕಟ್ಟೋಣ ಎಂದರೆ ಅದೂ ಲೆಕ್ಕಕ್ಕೆ ಬರುತ್ತದೆ, ಹಂತಹಂತವಾಗಿ ಕಟ್ಟಿ ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಆದರೂ ಮಾರುವುದಾದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಘೋಷಣಾ ಪತ್ರ ನೋಂದಣಿ ಮಾಡಿಸಿ. ಯಾವ ಮನೆಗೆ ನೆಲದಲ್ಲಿ ಎಷ್ಟು ಪಾಲು, ಜಗುಲಿ ಯಾರದು, ಬಾವಿ ಯಾರದು, ಮಾಡು ಸೋರಿದರೆ ಖರ್ಚು ಯಾರದು, ಎಲ್ಲ ಅದರಲ್ಲಿ. ಹೆಂಚಿನ ಮಾಡು ಎಂದರೆ ಪ್ರತಿ ವರ್ಷ ಖರ್ಚು. ಮೇಲಿನ ಕೋಣೆ ಎಲ್ಲರಿಗೂ ಇರುವುದರಿಂದ ಆ ಜಗಳ ನಿಮ್ಮಲ್ಲಿ ಅರ್ಧ ಕಡಿಮೆ.

ಬೆಂಗಳೂರು ಸೇರಿದವ

ಎಲ್ಲ ಸರಿ, ಹಣ? ನಾಲ್ಕು ಅಂತಸ್ತಿನ ನಲವತ್ತು ಪಾಲಿನ ಮುಂದೆ ಎಂಟು ಮನೆ ಯಾವ ಲೆಕ್ಕ? ಕೊಳ್ಳುವವರಿಗೆ ಬ್ಯಾಂಕ್ ಸಾಲವಾದರೂ ಸಿಗುತ್ತದೆಯೇ? ತೊಂಬತ್ತು ವರ್ಷದ ಕಟ್ಟಡ ಎಂದರೆ ವ್ಯವಸ್ಥಾಪಕರು ಚಹಾ ಕುಡಿಸಿ ಕಳಿಸುತ್ತಾರೆ.

ಸುಂಕೇರಿ ಎಂಜಿನಿಯರ್

ಇದು ಸರಿಯಾದ ಪ್ರಶ್ನೆ. ಕಟ್ಟಡದ ಉಳಿದ ಆಯುಷ್ಯ ಎಷ್ಟೆಂದು ಎಂಜಿನಿಯರ್ ಬರೆದುಕೊಡಬೇಕು, ಬ್ಯಾಂಕ್ ಅದನ್ನು ಒಪ್ಪಬೇಕು. ಆದ್ದರಿಂದ ಎಲ್ಲ ಎಂಟನ್ನೂ ಮಾರುವ ಲೆಕ್ಕ ಹಾಕಬೇಡಿ. ಬಾಡಿಗೆಯ ಲೆಕ್ಕ ಹಾಕಿ. ಬಿಲ್ಡರ್ ಹೇಳುವ ನಲವತ್ತು ಪಾಲನ್ನೂ ಅವರು ಕಟ್ಟಿ ಮುಗಿಸಿದರೆ ಎಂಬ ಷರತ್ತಿನೊಂದಿಗೆ ಓದಿ. ಕಾರವಾರದಲ್ಲಿ ಪಾಯ ತೋಡಿ ನಿಂತ ಜಾಗಗಳನ್ನು ಎಣಿಸಲು ಬೆರಳು ಸಾಲದು.

ಬಿಣಗಾದ ಹಳೆಯ ಮಾಣಿ

ನಾನು ಈ ಲಾಡ್ಜಿನಲ್ಲಿ ಹನ್ನೊಂದು ವರ್ಷ ಮಾಣಿಯಾಗಿದ್ದೆ. ಯಾವ ಲಾಡ್ಜ್ ಎಂದು ಮೊದಲ ಸಾಲಿಗೇ ತಿಳಿಯಿತು. ಸಣ್ಣ ಧಣಿಗಳೇ, ಅಜ್ಜನವರು ನನಗೆ ಕಲಿಸಿದ ಮೊದಲ ಕೆಲಸ ಕೋಣೆ ಗುಡಿಸುವುದಲ್ಲ, ಮೇ ತಿಂಗಳಲ್ಲಿ ಅಟ್ಟ ಹತ್ತಿ ಒಡೆದ ಹೆಂಚು ಹುಡುಕುವುದು. ಹಗಲಿನಲ್ಲಿ ಒಳಗೆ ಕತ್ತಲೆ ಮಾಡಿಕೊಂಡು ನಿಂತರೆ ಬೆಳಕಿನ ಚುಕ್ಕೆ ಎಲ್ಲಿ ಬಿತ್ತೋ ಅಲ್ಲಿ ಸೀಮೆಸುಣ್ಣದ ಗುರುತು. ನೀವು ಬೀಗ ಹಾಕಿದ ಮೇಲೆ ಯಾರೂ ಹತ್ತಿಲ್ಲವಾದರೆ ಈಗಲೇ ಹತ್ತಿಸಿ. ಕಾಗದಪತ್ರ ಮುಗಿಯುವುದರೊಳಗೆ ಇನ್ನೊಂದು ಮಳೆಗಾಲ ಬಂದೇ ಬರುತ್ತದೆ.

ನೈಋತ್ಯದ ಮೂಲೆಯಲ್ಲಿ, 9ನೆಯ ನಂಬರಿನ ಮೇಲೆ, ಮಾಡಿನ ಕಣಿವೆ ಮೊದಲಿನಿಂದಲೂ ಸೋರುತ್ತಿತ್ತು. ಆ ಕೋಣೆಯನ್ನು ಮಳೆಗಾಲದಲ್ಲಿ ಪೊಲೀಸರಿಗೆ ಮಾತ್ರ ಕೊಡುತ್ತಿದ್ದೆವು, ಅವರು ಹೇಗೂ ಬಾಡಿಗೆ ಕೊಡುತ್ತಿರಲಿಲ್ಲ.

ಕಾಜುಬಾಗದ ಮೊಮ್ಮಗ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ.

ಮಾಣಿಯವರು ಯಾರೆಂದು ಅಮ್ಮನಿಗೆ ತಕ್ಷಣ ಗೊತ್ತಾಯಿತು. ಅವರನ್ನು ಕರೆದುಕೊಂಡೇ ಅಟ್ಟ ಹತ್ತಿದೆವು. 9ನೆಯ ನಂಬರಿನ ಮೇಲೆ ಮೂರು ಪಕಾಸಿ, ಒಂದು ತೊಲೆಯ ತಲೆ ಹೋಗಿದೆ. ಉಳಿದದ್ದು ಗಟ್ಟಿ, ಎಲ್ಲ ಮತ್ತಿ ಮರ. ಸದ್ಯಕ್ಕೆ ತಾಡಪತ್ರಿ ಕಟ್ಟಿದ್ದೇವೆ.

ಅಪ್ಪನ ಬ್ಲಾಕಿನ ಪರೀಕ್ಷೆ ಆಯಿತು. ಐದು ಕಡೆ ಒಡೆಸಿದರು, ಒಂದು ಕಡೆಯಲ್ಲಿ ಮಾತ್ರ ಸ್ವಲ್ಪ ಗುಲಾಬಿ ಬಂತು. ಅಮ್ಮ ಪಕ್ಕದಲ್ಲಿಯೇ ನಿಂತಿದ್ದರು. ಆ ಎಂಟು ಕೋಣೆಗೆ ತಮ್ಮ ಪಾಟ್ಲಿ ಬಳೆ ಅಡವಿಟ್ಟಿದ್ದನ್ನು ಆ ದಿನ ಮೊದಲ ಬಾರಿ ಹೇಳಿದರು.

ಗುಮಾಸ್ತರೇ, ನಿಮ್ಮ ಅನುಮಾನ ನಿಜವಾಯಿತು. ಜಾಗ ಮೂರು ತುಂಡು. ಕಟ್ಟಡ ನಿಂತ ಎರಡು ತುಂಡು ಸ್ವಂತದ್ದು, ಬಾವಿಯಿರುವ ಹಿತ್ತಲು ಮೂಲಗೇಣಿ. ಬಿಲ್ಡರಿಗೆ ಕಾರ್ಡ್ ತೋರಿಸಿ, ಸಿಆರ್‌ಝಡ್ ಷರತ್ತಿನ ಬಗ್ಗೆಯೂ ಕೇಳಿದೆ. ನೋಡಿ ಹೇಳುತ್ತೇನೆ ಎಂದವರು ಇನ್ನೂ ನೋಡುತ್ತಿದ್ದಾರೆ. ದೊಡ್ಡಪ್ಪನ ಮಕ್ಕಳಲ್ಲಿ ಹಿರಿಯವನು ನಮ್ಮ ಕಡೆ ವಾಲಿದ್ದಾನೆ, ಕಿರಿಯವನು ತನ್ನ ಪಾಲಿನ ಹಣ ಕೇಳುತ್ತಿದ್ದಾನೆ. ಎರಡು ಮನೆ ಮಾರಿ ಅವನಿಗೆ ಕೊಟ್ಟು, ಆರನ್ನು ಬಾಡಿಗೆಗೆ ಇಡುವ ಲೆಕ್ಕದಲ್ಲಿದ್ದೇವೆ. ಬಳಕೆ ಬದಲಾವಣೆಗೂ ಸಿಆರ್‌ಝಡ್ ಸ್ಪಷ್ಟನೆಗೂ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಅತ್ತೆ ಫೋನಿನಲ್ಲಿ, "ಸಹಿ ಮಾಡುತ್ತೇನೆ, ಆದರೆ ಕಾಗದವನ್ನು ಅಂಚೆಯಲ್ಲಿ ಕಳಿಸಬೇಡಿ, ನಾನೇ ಬಂದು ಕಟ್ಟಡ ನೋಡಿ ಮಾಡುತ್ತೇನೆ" ಎಂದಿದ್ದಾರೆ. ಗಣೇಶ ಚೌತಿಗೆ ಬರುತ್ತಾರೆ.

ಈಗ ಒಂದು ಸಹಾಯ. ಮಾಡಿಗೆ ಸುಮಾರು ಆರುನೂರು ಹಳೆಯ ಮಂಗಳೂರು ಹೆಂಚು ಬೇಕು. ಯಾರಾದರೂ ಮನೆ ಕೆಡವುತ್ತಿದ್ದರೆ ತಿಳಿಸಿ.

ಕೋಡಿಬಾಗದ ಗೌಂಡಿ

ಅಮದಳ್ಳಿಯ ಕಡೆ ಒಂದು ಮನೆ ಬಿಚ್ಚುತ್ತಿದ್ದಾರೆ, ಸಾವಿರದ ಮೇಲೆ ಸಿಗಬಹುದು. ಆದರೆ ಮೊದಲು ನಿಮ್ಮ ಹೆಂಚೊಂದನ್ನು ಮಗುಚಿ, ಅಡಿಯಲ್ಲಿ ಯಾವ ಕಾರ್ಖಾನೆಯ ಮುದ್ರೆ ಇದೆ ನೋಡಿ ಬರೆಯಿರಿ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ.

ಕಾಜುಬಾಗದ ಮೊಮ್ಮಗ

ಮುದ್ರೆ ಅರ್ಧ ಸವೆದಿದೆ. ನಾಳೆ ಬೆಳಿಗ್ಗೆ ಹೆಂಚನ್ನೇ ತರುತ್ತೇನೆ, ಕೋಡಿಬಾಗದಲ್ಲಿ ಎಲ್ಲಿ ಸಿಗುತ್ತೀರಿ?